ಷರಾ: ಬದಲಿ

ಫೆಬ್ರವರಿ 11

ಅಕ್ಕನಿಗೆ ನಮಸ್ಕಾರಗಳು.

ನಾವು ಕ್ಷೇಮ ಎಂದು ಬರೆಯುವುದು ವಾಡಿಕೆ, ಅದಕ್ಕೇ ಬರೆದಿದ್ದೇನೆ. ಅಮ್ಮನಿಗೆ ಈಗ ಎರಡೂ ಕಣ್ಣು ಪೂರ್ತಿ ಹೋಗಿವೆ. ಉಳಿದಂತೆ ಗಟ್ಟಿಯಾಗಿದ್ದಾಳೆ, ನೀನು ಗಾಬರಿಯಾಗಿ ಓಡಿ ಬರಬೇಡ. ನಿನ್ನಿಂದ ಅಲ್ಲೇ ಒಂದು ಕೆಲಸ ಆಗಬೇಕು.

ಪುರಸಭೆಯ ಫ್ಯಾನಿನ ಮೋಟಾರಿಗೆ ತಂತಿ ಸುತ್ತಿಕೊಡಲು ಹೋಗಿದ್ದೆ. ಅಲ್ಲಿನ ಗುಮಾಸ್ತ ಮಾತಿಗೆ ಮಾತು ಬಂದು ಹೇಳಿದ, ನಮ್ಮೂರಿನ ಹಳೇ ಜ್ವರದ ಷೆಡ್ಡುಗಳ ಕಾಗದವೆಲ್ಲ ನಿನ್ನ ಊರಿನ ಪತ್ರಾಗಾರಕ್ಕೆ ಹೋಗಿದೆಯಂತೆ. "ಯಾರು ಬೇಕಾದ್ರೂ ಹೋಗಿ ನೋಡಬಹುದು" ಎಂದ. ಕೈಯಲ್ಲಿದ್ದ ತಾಮ್ರದ ತಂತಿ ಅಲ್ಲೇ ಬಿಟ್ಟು ಮನೆಗೆ ಬಂದೆ.

ನಿನಗೆ ಗೊತ್ತಿರುವುದೇ, ಆದರೂ ಅರ್ಜಿಗೆ ಬೇಕಾದೀತೆಂದು ಮೊದಲಿನಿಂದ ಬರೆಯುತ್ತೇನೆ. ಜ್ವರ ಬಂದ ವರ್ಷ ಅಪ್ಪ ಗಿರಣಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಮನೆ ಗಿರಣಿಯ ವಸತಿಯ ಏಳನೇ ಸಾಲಿನಲ್ಲಿ. ನಿನಗೆ ತಗಲದಿರಲೆಂದು ಚಿಕ್ಕಮ್ಮನ ಊರಿಗೆ ಕಳಿಸಿದ್ದರು. ಗಾಡಿ ಬಂದು ಜ್ವರ ಹಿಡಿದಿದ್ದ ಮನೆಯ ಹುಡುಗನನ್ನು ಊರಾಚೆಯ ಷೆಡ್ಡಿಗೆ ಎತ್ತಿಕೊಂಡು ಹೋಯಿತು. ಆಗ ಅವನಿಗೆ ನಾಲ್ಕು ವರ್ಷ. ಜ್ವರ ಇಳಿದ ಮೇಲೆ ಅಪ್ಪ ಷೆಡ್ಡಿಗೆ ಹೋಗಿ ಅವರು ಕೊಟ್ಟ ಹುಡುಗನನ್ನು ಕರೆತಂದ. ತಲೆ ಬೋಳಿಸಿದ್ದರು, ಮೈಮೇಲೆ ಮೂಳೆ ಬಿಟ್ಟರೆ ಏನೂ ಇರಲಿಲ್ಲ. ಅಮ್ಮನನ್ನು ಕಂಡು ಹೆದರಿ 'ಆಯಾ' ಎಂದು ಕರೆದ. "ಇವನು ನನ್ನ ಮಗ ಅಲ್ಲ, ಬದಲಿ ಕೊಟ್ಟು ಕಳಿಸಿದಾರೆ" ಎಂದಳು ಅಮ್ಮ. ಅಂದಿನಿಂದ ಇಂದಿನವರೆಗೂ ಅದೇ ಮಾತು. ಆ ಹುಡುಗ ನಾನು.

ಸಾಲಿನವರು ನನಗೆ ಬದ್ಲಿ ಎಂದೇ ಹೆಸರಿಟ್ಟರು. ಗಿರಣಿ ಸೇರಿದಾಗ ರಜೆಯವರ ಜಾಗಕ್ಕೆ ಬದಲಿ ಕೆಲಸಗಾರ ಎಂದು ತೆಗೆದುಕೊಂಡರು. ಹಾಜರಿ ಗುಮಾಸ್ತ ಹೊಟ್ಟೆ ಹಿಡಿದುಕೊಂಡು ನಕ್ಕ, "ಹೆಸರೂ ಅದೇ, ಕೆಲಸವೂ ಅದೇ!" ಮದುವೆಗೆ ಹೆಣ್ಣು ನೋಡಲು ಹೋದಾಗ ಅಮ್ಮನೇ ಮುಂದೆ ಬಂದು, "ಮೊದಲೇ ಹೇಳಿಬಿಡ್ತೀನಿ, ಇವನು ಯಾರ ಮಗನೋ ನನಗೆ ಗೊತ್ತಿಲ್ಲ" ಎಂದಳು. ಆಮೇಲೆ ನಾನು ಆ ಗೋಜಿಗೇ ಹೋಗಲಿಲ್ಲ. ಅವಳು ನನಗೆ ಬೈದವಳಲ್ಲ, ಹೊಡೆದವಳಲ್ಲ. ಮನೆಗೆ ಬಂದವರನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡಳು.

ನೀನು ಚಿಕ್ಕಮ್ಮನ ಊರಿಂದ ವಾಪಸು ಬಂದಾಗ ನನ್ನನ್ನು ನೋಡಿ ನಿನಗೇನನ್ನಿಸಿತು ಎಂದು ನಾನು ಎಂದೂ ಕೇಳಿಲ್ಲ. ಈಗಲೂ ಕೇಳುವುದಿಲ್ಲ.

ಅಮ್ಮ ಹೋಗುವ ಮೊದಲು ಒಂದು ಸಲ ನನ್ನನ್ನು ಮಗಾ ಎಂದು ಕರೆಯಬೇಕು. ಸರ್ಕಾರದ ಕಾಗದ ಸಿಕ್ಕರೆ ಕರೆಯುತ್ತಾಳೆ. ನಿನ್ನ ಕಾಲಿಗೆ ಬೀಳುತ್ತೇನೆ, ಹುಡುಕು.

ನಿನ್ನ ತಮ್ಮ


ಫೆಬ್ರವರಿ 27

ಪ್ರೀತಿಯ ತಮ್ಮನಿಗೆ,

ಕಾಲಿಗೆ ಬೀಳುವ ಮಾತೆಲ್ಲ ಬೇಡ. ಸಮವಸ್ತ್ರದ ಬಟ್ಟೆ ರಾಶಿ ಬಿದ್ದಿದೆ, ಮೆಷಿನ್ನಿಗೆ ಹೊದಿಕೆ ಹಾಕಿ ದಿನವೂ ಪತ್ರಾಗಾರಕ್ಕೆ ಹೋಗುತ್ತಿದ್ದೇನೆ.

ಮೊದಲ ದಿನ ಓದುವ ಕೋಣೆಯ ಅಧಿಕಾರಿ, "ಯಾವ ವಿಶ್ವವಿದ್ಯಾಲಯದಿಂದ ಬಂದಿದೀರಿ?" ಎಂದು ಕೇಳಿದರು.

"ಮನೆಯಿಂದ" ಎಂದೆ.

"ಸಂಶೋಧನೆಯ ವಿಷಯ?"

"ನನ್ನ ತಮ್ಮ."

ಅವರು ಕನ್ನಡಕ ತೆಗೆದು ನೋಡಿದರು. ಪರಿಚಯ ಪತ್ರವಿಲ್ಲದೆ ಒಳಗೆ ಬಿಡುವಂತಿಲ್ಲ ಎಂದರು. ನಾನು ಸಮವಸ್ತ್ರ ಹೊಲಿಯುವ ಶಾಲೆಯ ಮುಖ್ಯೋಪಾಧ್ಯಾಯಿನಿಯನ್ನು ಗೋಗರೆದು ಒಂದು ಪತ್ರ ಬರೆಸಿಕೊಂಡು ಹೋದೆ. ಅದರಲ್ಲಿ ಅವರು ನನ್ನನ್ನು 'ಶ್ರದ್ಧಾವಂತ ಸಂಶೋಧಕಿ' ಎಂದು ಬರೆದಿದ್ದಾರೆ. ಕಾಜಾ ಹೊಲಿಯುವುದರಲ್ಲಿ ಶ್ರದ್ಧೆ ಇದೆ ಎಂಬುದೇ ಅವರಿಗೆ ಗೊತ್ತಿರುವುದು. ಬಾಗಿಲಲ್ಲಿ ಚೀಲ ಇಟ್ಟುಕೊಂಡರು, ಪೆನ್ನು ಇಟ್ಟುಕೊಂಡರು, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನೂ ಬಿಡಲಿಲ್ಲ. ಪೆನ್ಸಿಲ್ಲಿನಲ್ಲಿ ಮಾತ್ರ ಬರೆದುಕೊಳ್ಳಬೇಕು.

ಜ್ವರ ಎಂದರೆ ಆರೋಗ್ಯ ಇಲಾಖೆ ತಾನೇ ಎಂದುಕೊಂಡು ಆರೋಗ್ಯದ ಸೂಚಿಯನ್ನೆಲ್ಲ ಜಾಲಾಡಿದೆ. ಒಂದು ಸಾಲೂ ಇಲ್ಲ. ಷೆಡ್ಡು ಕಟ್ಟಿಸಿದವರು ಲೋಕೋಪಯೋಗಿಯವರು. ಹಾಗಾಗಿ ಅಲ್ಲಿ ಸತ್ತವರು, ಬದುಕಿದವರು ಎಲ್ಲರೂ ಸೇತುವೆ ಮತ್ತು ಚರಂಡಿಗಳ ಜೊತೆ ಕಟ್ಟಡದ ಕಡತಗಳಲ್ಲಿ ಇದ್ದಾರೆ. ಇದನ್ನು ಕಂಡುಕೊಳ್ಳುವಷ್ಟರಲ್ಲಿ ನನ್ನ ತಲೆ ಕೆಟ್ಟು ಕೆರ ಹಿಡಿದಿತ್ತು.

ಈಗ ಚೀಟಿ ಬರೆದು ಕೊಟ್ಟು ಕಾಯುವ ಕೆಲಸ. ಕಟ್ಟು ತಂದುಕೊಡುವವರಿಗೆ ನಾನು ನಾಳೆರಾಯರು ಎಂದು ಹೆಸರಿಟ್ಟಿದ್ದೇನೆ. ಒಂದು ದಿನ ಕಟ್ಟು ಸಿಗಲಿಲ್ಲ ಎನ್ನುತ್ತಾರೆ, ಇನ್ನೊಂದು ದಿನ ಬೀಗದ ಕೈ ಇರುವವರು ರಜೆ ಎನ್ನುತ್ತಾರೆ. ನಾನೂ ಬಿಡುವವಳಲ್ಲ. ಅಮ್ಮನಿಗೆ ನನ್ನ ನೆನಪು ಹೇಳು.

ನಿನ್ನ ಅಕ್ಕ


ಮಾರ್ಚ್ 8

ಅಕ್ಕ,

ನಿನ್ನ ಕಾಗದ ಓದಿ ಬಹಳ ದಿನದ ಮೇಲೆ ಗಟ್ಟಿಯಾಗಿ ನಕ್ಕೆ. ಅಮ್ಮ ಏನೆಂದು ಕೇಳಿದಳು. ಹೊಲಿಗೆಯ ವಿಷಯ ಬರೆದಿದ್ದಾಳೆ ಎಂದೆ. ನೀನು ಹುಡುಕುತ್ತಿರುವುದು ಅವಳಿಗೆ ಗೊತ್ತಿಲ್ಲ.

ನಿನ್ನೆ ಗಂಜಿ ಕುಡಿಸುತ್ತಿದ್ದೆ. ಇದ್ದಕ್ಕಿದ್ದಂತೆ, "ನಾನು ಹೋದ ಮೇಲೆ ಮಗಳಿಗೆ ಹೇಳಿಕಳಿಸು. ಅವಳು ಬಂದು ಎಲ್ಲಾ ಮಾಡ್ತಾಳೆ. ನೀನು ಮಾಡಬೇಕಾಗಿಲ್ಲಪ್ಪ, ನಿನಗೆ ಸಂಬಂಧ ಇಲ್ಲ. ಇಷ್ಟು ವರ್ಷ ಮಾಡಿದ್ದೇ ಹೆಚ್ಚು" ಎಂದಳು. ನನ್ನ ಮೇಲೆ ಕರುಣೆಯಿಂದಲೇ ಹೇಳಿದಳು. ಆಗಲಮ್ಮ ಎಂದು ಬಾಯಿ ಒರೆಸಿ ಎದ್ದೆ.

ನಾಳೆರಾಯರಿಗೆ ನನ್ನ ಹೆಸರಲ್ಲಿ ಕೈ ಮುಗಿ. ಬೇಗ ಆಗಬೇಕು ಅಕ್ಕ. ಯಾಕೆ ಬೇಗ ಎಂದು ಕೇಳಬೇಡ.

ನಿನ್ನ ತಮ್ಮ


ಮಾರ್ಚ್ 30

ಪ್ರೀತಿಯ ತಮ್ಮನಿಗೆ,

ಬರೆಯುವುದು ತಡವಾಯಿತು. ಹುಳದ ಔಷಧಿ ಹೊಡೆಯಲು ಪತ್ರಾಗಾರಕ್ಕೆ ಬೀಗ ಹಾಕಿದ್ದರು. ಈಗ ತೆರೆದಿದೆ. ಹೇಳಿಕೊಳ್ಳುವಂಥದ್ದು ಏನೂ ಸಿಕ್ಕಿಲ್ಲ.

ನಾನೊಂದು ಮಾತು ಯೋಚಿಸುತ್ತಿದ್ದೆ. ಕಾಗದದಲ್ಲಿ ಏನಿದ್ದರೇನು? ಅಮ್ಮನ ಹತ್ತಿರ ಇರುವವನು ನೀನು. ನನ್ನನ್ನು ಬಾಯಿ ತುಂಬ ಅಕ್ಕ ಎಂದು ಕರೆಯುವವನು ನೀನು. ಹುಡುಕುವುದು ಸಾಕು ಅನ್ನಿಸಿದರೆ ಹೇಳು, ನಾನು ಬೇಸರ ಮಾಡಿಕೊಳ್ಳುವುದಿಲ್ಲ.

ನಿನಗೊಂದು ಸ್ವೆಟರು ಹೆಣೆಯಬೇಕೆಂದಿದ್ದೇನೆ. ನೀಲಿ ಉಣ್ಣೆ ಸಿಕ್ಕಿದೆ. ಎದೆಯ ಅಳತೆ ಕಳಿಸು.

ನಿನ್ನ ಅಕ್ಕ


ಏಪ್ರಿಲ್ 6

ಅಕ್ಕ,

ಎದೆಯ ಅಳತೆ ಕೇಳಿದ್ದೀಯ. ಅದರೊಳಗೆ ಏನಾಗುತ್ತಿದೆ ಎಂದು ಟೇಪು ಹಿಡಿದರೆ ಗೊತ್ತಾಗುವುದಿಲ್ಲ.

ನಿನಗೆ ಸಾಕಾಗಿದೆ. ಧೂಳು ಕುಡಿದು, ಕಂಡವರಿಂದ ಹೇಳಿಸಿಕೊಂಡು ಬೇಜಾರಾಗಿದೆ. ನೇರವಾಗಿ ಹೇಳಲಾಗದೆ ಉಣ್ಣೆಯ ಬಣ್ಣ ಬರೆದಿದ್ದೀಯ. ನಿನಗೇನಕ್ಕ, ನೀನು ಯಾರ ಮಗಳು ಎಂದು ಯಾರಿಗೂ ಅನುಮಾನವಿಲ್ಲ. ಸಾಕು ಎನ್ನುವುದು ಸುಲಭ.

ಮುಚ್ಚಿಟ್ಟಿದ್ದನ್ನು ಹೇಳಿಬಿಡುತ್ತೇನೆ. ಅಮ್ಮ ಗಟ್ಟಿಯಾಗಿಲ್ಲ. ಹಾಸಿಗೆ ಹಿಡಿದಿದ್ದಾಳೆ. ಕಾಲು ಊದಿಕೊಂಡಿವೆ, ಉಸಿರಾಟಕ್ಕೆ ಎಬ್ಬಿಸಿ ಕೂರಿಸಬೇಕು. ಮಳೆಗಾಲ ಕಾಣುವುದು ಕಷ್ಟ ಎಂದಿದ್ದಾರೆ ಡಾಕ್ಟರು. ಹೇಳಿದರೆ ನೀನು ಹುಡುಕುವುದು ಬಿಟ್ಟು ಬಸ್ಸು ಹತ್ತುತ್ತೀಯ ಎಂದು ಸುಮ್ಮನಿದ್ದೆ. ಈಗ ನೀನು ಅದನ್ನೂ ಮಾಡುತ್ತಿಲ್ಲ, ಇದನ್ನೂ ಮಾಡುತ್ತಿಲ್ಲ.

ಆಗುವುದಿಲ್ಲ ಎಂದಾದರೆ ಹಾಗೆಂದು ಬರೆ. ಅಮ್ಮನನ್ನು ಪಕ್ಕದ ಮನೆಯ ಅಕ್ಕನಿಗೆ ಒಪ್ಪಿಸಿ ನಾನೇ ಬಂದು ಹುಡುಕುತ್ತೇನೆ.

ತಮ್ಮ


ಏಪ್ರಿಲ್ 14

ತಮ್ಮಾ,

ನೀನು ಬರಬೇಡ. ಅಮ್ಮನನ್ನು ಬಿಟ್ಟು ಒಂದು ಗಳಿಗೆಯೂ ಏಳಬೇಡ. ಹೇಳುತ್ತೇನೆ.

ಕಳೆದ ಕಾಗದ ಬರೆಯುವ ಮೊದಲೇ ನನಗೆ ಸಿಕ್ಕಿತ್ತು. ಊರಾಚೆ ಎರಡು ಷೆಡ್ಡುಗಳಿದ್ದವು, ದಕ್ಷಿಣದ್ದು, ಉತ್ತರದ್ದು. ನಮ್ಮ ಸಾಲಿನವರನ್ನು ಸೇರಿಸುತ್ತಿದ್ದದ್ದು ದಕ್ಷಿಣ ಷೆಡ್ಡಿಗೆ. ಅದರ ಪುಸ್ತಕ ನೋಡಿದೆ. ಮಕ್ಕಳ ಹೆಸರು ಬರೆದಿಲ್ಲ, ಅಪ್ಪನ ಕೆಲಸ ಮತ್ತು ಮನೆಯ ಸಾಲು ಬರೆದಿದ್ದಾರೆ. 'ಬಾಯ್ಲರಿನವನ ಮಗ, ಏಳನೇ ಸಾಲು, ವಯಸ್ಸು ನಾಲ್ಕು.' ಕೊನೆಯಲ್ಲಿ ಷರಾ ಎಂಬ ಕಾಲಮ್ಮು. ಬೇರೆ ಮಕ್ಕಳ ಮುಂದೆ ಅಲ್ಲಿ 'ಮೃತ' ಎಂದೋ 'ತಂದೆಯ ವಶಕ್ಕೆ' ಎಂದೋ ಇದೆ. ನಮ್ಮ ಹುಡುಗನ ಮುಂದೆ ಒಂದೇ ಪದ. ಬದಲಿ.

ನಮ್ಮಮ್ಮನ ಬಾಯಿಂದ ಇಡೀ ಜನ್ಮ ಕೇಳಿದ ಮಾತು, ಸರ್ಕಾರದ ಮಸಿಯಲ್ಲಿ. ಅವರಿಗೇ ಗೊತ್ತಿತ್ತು, ಗೊತ್ತಿದ್ದೂ ಬರೆದಿಟ್ಟು ಸುಮ್ಮನಾದರು. ಅಮ್ಮ ಹುಚ್ಚಿಯಲ್ಲ.

ನಿನಗೆ ಹೇಗೆ ಹೇಳಲಿ ಎಂದು ತಿಳಿಯದೆ ಸ್ವೆಟರಿನ ಮಾತು ಬರೆದೆ. ನೀನು ಬೈದದ್ದು ಸರಿಯೇ. ನೀನು ಕೇಳದ ಪ್ರಶ್ನೆಗೂ ಉತ್ತರ ಹೇಳುತ್ತೇನೆ. ಎರಡು ವರ್ಷ ಕಳೆದು ನಾನು ವಾಪಸು ಬಂದಾಗ ನೀನು ಉದ್ದವಾಗಿದ್ದೆ, ಮುಂದಿನ ಹಲ್ಲು ಬಿದ್ದಿದ್ದವು. ಅವನೋ ಅಲ್ಲವೋ ನನಗೆ ಗೊತ್ತಾಗಲಿಲ್ಲ. ನೀನು ನನ್ನ ಟ್ರಂಕು ಎತ್ತಲು ಹೋಗಿ ಕಾಲಮೇಲೆ ಬೀಳಿಸಿಕೊಂಡೆ, ನಾನು ನಕ್ಕೆ. ಅಂದಿನಿಂದ ನೀನು ನನ್ನ ತಮ್ಮ. ಅದಕ್ಕೆ ಯಾವ ಷರಾವೂ ಬೇಡ.

ಅಮ್ಮನಿಗೆ ಹೇಳಬೇಡ. ನಾನು ಇನ್ನೊಂದು ಷೆಡ್ಡಿನ ಪುಸ್ತಕ ತರಿಸಿ ನೀನು ಯಾರ ಮಗನೆಂದು ನೋಡುತ್ತೇನೆ. ನಿನಗೆ ಅಷ್ಟಾದರೂ ಸಿಗಬೇಕು.

ಅಕ್ಕ


ಮೇ 3

ಅಕ್ಕ,

ನೀನು ಹೇಳಬೇಡವೆಂದರೂ ಹೇಳಿಬಿಟ್ಟೆ. ನಿನ್ನ ಕಾಗದ ಬಂದ ಮೇಲೆ ಕೆಲಸಕ್ಕೆ ಕೂತರೆ ತಂತಿಯ ಸುತ್ತು ತಪ್ಪುತ್ತಿತ್ತು. ಅವಳಾದರೂ ನೆಮ್ಮದಿಯಾಗಿ ಹೋಗಲಿ ಅನ್ನಿಸಿತು.

"ಅಮ್ಮಾ, ನೀನು ಹೇಳಿದ್ದೇ ನಿಜ. ಅಕ್ಕ ಷೆಡ್ಡಿನ ಪುಸ್ತಕ ನೋಡಿದಾಳೆ. ನಾನು ಬದಲಿಯಂತೆ" ಎಂದೆ.

ಇನ್ನೊಂದು ಸಲ ಹೇಳು ಎಂದಳು, ಹೇಳಿದೆ. ಆಮೇಲೆ, "ನೋಡಿದ್ಯಾ? ನನಗೆ ತಲೆ ಕೆಟ್ಟಿದೆ ಅಂದ್ರು. ನಿಮ್ಮಪ್ಪ ಸಾಯೋವರೆಗೂ ಅಂದ, ಸಾಲಿನವರೆಲ್ಲ ಅಂದ್ರು" ಎಂದಳು. ನಾನು ಹೌದಮ್ಮ ಎಂದೆ. ಅವಳು ಹಾಸಿಗೆಯ ಮೇಲೆ ತಡವಿ ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಪಾಪ, ನಿನ್ನ ಹೆತ್ತವಳು ಎಲ್ಲೆಲ್ಲಿ ಹುಡುಕಿದಳೋ. ಅವಳ ಕೂಸನ್ನ ಇಟ್ಕೊಂಡು ಒಂದು ದಿನ ಎದೆಗೆ ಹಾಕ್ಕೊಳ್ಳಲಿಲ್ವಲ್ಲ ನಾನು. ಎಂಥಾ ಕಲ್ಲಾಗಿಬಿಟ್ಟೆ ಮಗಾ."

ಮಗಾ ಎಂದಳು ಅಕ್ಕ. ನಾನು ಅವಳ ಮಗನಲ್ಲ ಎಂದು ಗೊತ್ತಾದ ಮೇಲೆ ಮಗಾ ಎಂದಳು. ನಗಬೇಕೋ ಅಳಬೇಕೋ ತಿಳಿಯದೆ ಹಿತ್ತಲಿಗೆ ಹೋಗಿ ನಿಂತೆ.

ಈಗ ದಿನವೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಾಳೆ. ಉಂಡೆಯಾ, ಬೆನ್ನು ನೋವು ಹೇಗಿದೆ, ಎಂದೂ ಕೇಳದ್ದನ್ನೆಲ್ಲ ಕೇಳುತ್ತಾಳೆ. ಆದರೆ ಅವಳಿಗೆ ಈಗ ಇನ್ನೊಂದು ಆಸೆ ಹುಟ್ಟಿದೆ. "ಹಾಗಾದ್ರೆ ನನ್ನವನೂ ಎಲ್ಲೋ ಯಾರ ಮನೆಯಲ್ಲೋ ಬೆಳೆದಿರ್ತಾನೆ. ಅಕ್ಕನಿಗೆ ಹುಡುಕಕ್ಕೆ ಹೇಳು. ಅವನನ್ನ ಮುಟ್ಟದೆ ನಾನು ಹೋಗಲ್ಲ" ಎನ್ನುತ್ತಾಳೆ. ಹೊರಗೆ ಯಾರ ಚಪ್ಪಲಿ ಸದ್ದಾದರೂ ಕತ್ತು ಎತ್ತುತ್ತಾಳೆ. ಅವನು ಬಂದರೂ ನೀನು ಹೋಗಬಾರದು, ಇಬ್ಬರೂ ಇರಿ ಎಂದು ನನಗೆ ಸಮಾಧಾನ ಬೇರೆ ಹೇಳುತ್ತಾಳೆ.

ಉಸಿರು ದಿನೇ ದಿನೇ ಸಣ್ಣದಾಗುತ್ತಿದೆ. ನನ್ನ ಹೆತ್ತವಳು ಯಾರೆಂದು ಈಗ ನೋಡಬೇಡ. ಅವಳ ಮಗನನ್ನು ಹುಡುಕು. ಬದುಕಿದ್ದರೆ ನಾನೇ ಹೋಗಿ ಎಳೆದು ತರುತ್ತೇನೆ.

ನಿನ್ನ ತಮ್ಮ


ಮೇ 19

ತಮ್ಮಾ,

ಇದನ್ನು ನಿಂತುಕೊಂಡು ಓದಬೇಡ, ಕೂತುಕೋ.

ಉತ್ತರ ಷೆಡ್ಡಿನ ಪುಸ್ತಕ ಇವತ್ತು ಸಿಕ್ಕಿತು. ಮೊದಲ ಪುಟದಲ್ಲೇ 'ವೈದ್ಯರು ಬದಲಿ' ಎಂದಿತ್ತು. ಮುಂದೆ 'ಕಾವಲುಗಾರ ಬದಲಿ'. ಇನ್ನೂ ಮುಂದೆ, 'ನೀರಿನ ಡ್ರಮ್ಮು ದಕ್ಷಿಣಕ್ಕೆ ಬದಲಿ'. ಡ್ರಮ್ಮನ್ನು ಯಾರು ಯಾರ ಡ್ರಮ್ಮಿನ ಜೊತೆ ಅದಲುಬದಲು ಮಾಡುತ್ತಾರೆ? ಆ ಗುಮಾಸ್ತನಿಗೆ ಬದಲಿ ಎಂದರೆ ವರ್ಗ ಮಾಡಿದ್ದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ಕಳಿಸಿದ್ದು, ಅಷ್ಟೇ. ಈಗಲೂ ಎಷ್ಟೋ ಕಡೆ ನೌಕರರು ಬದಲಿಯಾಯಿತು ಎನ್ನುವುದು ಅದೇ ಅರ್ಥದಲ್ಲಿ. ಇದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ನಮ್ಮ ಮನೆಯಲ್ಲಿ ಆ ಪದಕ್ಕೆ ಒಂದೇ ಅರ್ಥವಿತ್ತು, ನಾನು ಆ ಮನೆಯ ಕಿವಿಯಿಂದಲೇ ಓದಿದೆ.

ಹಾಳೆ ಮಗುಚುತ್ತಾ ಹೋದೆ. ಸಿಕ್ಕಿತು. 'ಬಾಯ್ಲರಿನವನ ಮಗ, ಏಳನೇ ಸಾಲು, ವಯಸ್ಸು ನಾಲ್ಕು, ದಕ್ಷಿಣ ಷೆಡ್ಡಿನಿಂದ ಬದಲಿ.' ಅದರ ಮುಂದೆ 'ಗುಣವಾಗಿ ತಂದೆಯ ವಶಕ್ಕೆ.' ಕೆಳಗೆ ಅಪ್ಪನ ಸಹಿ, ಅದೇ ಸೊಟ್ಟ ಅಕ್ಷರ. ಆ ವಯಸ್ಸಿನ ಬೇರೆ ಹುಡುಗ ಆ ಷೆಡ್ಡಿನಲ್ಲಿ ಇರಲೇ ಇಲ್ಲ. ಮೊದಲಿಂದ ಕೊನೆಯವರೆಗೆ ಮತ್ತೆ ಮತ್ತೆ ನೋಡಿದೆ.

ನೀನೇ ಕಣೋ. ಯಾರೂ ಯಾರನ್ನೂ ಬದಲಾಯಿಸಿರಲಿಲ್ಲ. ಕಾಯಿಲೆ ನಿನ್ನನ್ನು ಗುರುತು ಸಿಗದ ಹಾಗೆ ಮಾಡಿತ್ತು, ಅಷ್ಟೇ. ಓದುವ ಕೋಣೆಯಲ್ಲಿ ದನಿ ತೆಗೆದು ಅತ್ತೆ. ಅಧಿಕಾರಿ ಎದ್ದು ಬಂದು, ಕಣ್ಣೀರು ಪುಸ್ತಕದ ಮೇಲೆ ಬೀಳದಂತೆ ನೋಡಿಕೊಳ್ಳಿ ಎಂದರು.

ಈ ಕಾಗದ ಸಿಕ್ಕಿದ ತಕ್ಷಣ ಹೋಗಿ ಅಮ್ಮನಿಗೆ ಹೇಳು. ಅವಳು ಕಾಯುತ್ತಿರುವವನು ಪಕ್ಕದಲ್ಲೇ ಇದ್ದಾನೆ ಎಂದು ಹೇಳು. ಮೊಹರು ಹಾಕಿದ ನಕಲಿಗೆ ಅರ್ಜಿ ಕೊಟ್ಟಿದ್ದೇನೆ. ಕೈಗೆ ಸಿಕ್ಕ ದಿನವೇ ಹೊರಡುತ್ತೇನೆ. ಅದು ಕಣ್ಣಿಲ್ಲದ ಅಮ್ಮನಿಗಲ್ಲ, ನಿನಗೆ.

ನಿನ್ನ ಸ್ವಂತ ಅಕ್ಕ


ಜೂನ್ 12

ಅಕ್ಕ,

ನೀನು ಕ್ಷೇಮವಾಗಿ ತಲುಪಿದ್ದೀಯ ಎಂದುಕೊಂಡಿದ್ದೇನೆ. ಮನೆಯಲ್ಲಿ ಈಗ ನಾನೊಬ್ಬನೇ. ನಕಲನ್ನು ಗೋಡೆಗೆ ಹಾಕಬೇಕೆಂದು ನೀನು ಹೇಳಿದೆ. ಇನ್ನೂ ಹಾಕಿಲ್ಲ.

ಅಮ್ಮನ ಉತ್ತರಕ್ರಿಯೆಯೆಲ್ಲ ಮುಗಿದ ದಿನ ನೀನು ನನ್ನನ್ನು ಮೂಲೆಗೆ ಕರೆದು, "ಹೇಳಿದ್ಯಾ? ಅಮ್ಮ ಏನಂದಳು?" ಎಂದು ಕೇಳಿದೆ. ಹೇಳಿದೆ, ನಂಬಿದಳು ಎಂದೆ. ಅದು ಸುಳ್ಳಲ್ಲ. ಆದರೆ ನಡೆದದ್ದನ್ನು ನಿನ್ನ ಮುಖ ನೋಡಿಕೊಂಡು ಹೇಳಲು ನನ್ನಿಂದ ಆಗಲಿಲ್ಲ. ಈಗ ಬರೆಯುತ್ತೇನೆ.

ನಿನ್ನ ಕಾಗದ ಬಂದಾಗ ಅವಳಿಗೆ ಆಗಾಗ ಮಂಪರು ಬರುತ್ತಿತ್ತು. ಕಿವಿಯ ಹತ್ತಿರ ಬಾಗಿ, "ಅಮ್ಮಾ, ನಿನ್ನ ಮಗ ಸಿಕ್ಕಿದ. ನಾನೇ ಅವನು" ಎಂದೆ. ಅವಳು ಎರಡೂ ಕೈಯಲ್ಲಿ ನನ್ನ ಮುಖ ಹಿಡಿದುಕೊಂಡಳು. ಹಣೆ, ಮೂಗು, ಕಿವಿ ಎಲ್ಲ ಸವರಿದಳು. "ಬಂದ್ಯಾ?" ಎಂದಳು. "ಬಂದೆ" ಎಂದೆ. ತಲೆಯನ್ನು ಎದೆಗೆ ಎಳೆದುಕೊಂಡು ಅತ್ತಳು, ನಾನೂ ಅತ್ತೆ. ಇಷ್ಟು ವಯಸ್ಸಾದ ಮೇಲೆ ಮೊದಲ ಸಲ ಅವಳ ಎದೆಯ ಮೇಲೆ ಮಲಗಿದ್ದೆ. ಅಷ್ಟು ಸುಖ ನನಗೆ ಹಿಂದೆಂದೂ ಆಗಿರಲಿಲ್ಲ, ಇನ್ನು ಆಗುವುದೂ ಇಲ್ಲ.

ಸ್ವಲ್ಪ ಹೊತ್ತಾದ ಮೇಲೆ ಗಂಜಿ ತಂದೆ. ಬಾಯಿ ತೆರೆಯಲಿಲ್ಲ. "ನೀನು ಕೂತ್ಕೋ, ದೂರದಿಂದ ಬಂದಿದೀಯ. ಅವನು ಕುಡಿಸ್ತಾನೆ. ಎಲ್ಲಿ ಅವನು?" ಎಂದಳು.

"ಯಾರಮ್ಮ?"

"ಇನ್ನೊಬ್ಬ. ನನ್ನ ನೋಡ್ಕೊಳ್ಳೋನು."

"ಅವನೂ ನಾನೇ ಅಮ್ಮ. ಇಬ್ಬರಿಲ್ಲ, ಒಬ್ಬನೇ."

ಅದು ಅವಳ ತಲೆಗೆ ಹೋಗಲಿಲ್ಲ. ಗಾಬರಿಯಾದಳು. "ನೀನು ಬಂದೆ ಅಂತ ಅವನು ಹೊರಟುಹೋದ್ನಾ? ಯಾಕೋ ಬಿಟ್ಟೆ? ಅವನಿಗೆ ಎಲ್ಲಿದೆ ಜಾಗ?" ಎಂದು ಹಾಸಿಗೆಯಿಂದ ಇಳಿಯಲು ಹೊರಟಳು. ಹಿಡಿದುಕೊಂಡರೆ ನನ್ನ ಕೈಯನ್ನೇ ತಳ್ಳಿದಳು. ನಾನು ಹೊರಗೆ ಹೋಗಿ ಬಾಗಿಲು ಸದ್ದು ಮಾಡಿ ಒಳಗೆ ಬಂದು, "ಇಲ್ಲೇ ಇದೀನಮ್ಮ" ಎಂದೆ. ಆಗ ಗಂಜಿ ಕುಡಿದಳು. ಕುಡಿದು, "ಅವನು ಎಲ್ಲಿ? ಈಗ ತಾನೇ ಬಂದಿದ್ದ" ಎಂದಳು.

ಎರಡು ದಿನ ಹೀಗೇ. ಒಬ್ಬನಾಗಿ ಹೋದರೆ ಇನ್ನೊಬ್ಬನಿಗಾಗಿ ಅಳುತ್ತಾಳೆ. ಸತ್ಯ ಹೇಳಿ ಹೇಳಿ ಸೋತೆ ಅಕ್ಕ. ಹೇಳಿದಷ್ಟೂ ಹೆದರುತ್ತಿದ್ದಳು.

ಕೊನೆಯ ದಿನ ಬೆಳಿಗ್ಗೆ ಉಸಿರು ಎಳೆಯತೊಡಗಿತು. "ಇಬ್ಬರೂ ಬನ್ನಿ. ಕೈ ಕೊಡಿ" ಎಂದಳು. ನಾನು ಹಾಸಿಗೆಯ ಮುಂದೆ ಮಂಡಿಯೂರಿ ಎರಡು ಕೈಯನ್ನೂ ಕೊಟ್ಟೆ. ಒಂದೊಂದು ಕೈಯಲ್ಲಿ ಒಂದೊಂದನ್ನು ಹಿಡಿದುಕೊಂಡಳು. ತಂತಿ ಕೊಯ್ದು ಕೊಯ್ದು ದಡ್ಡುಗಟ್ಟಿದ ಬಲಗೈಯನ್ನು ಬೆರಳಿಂದ ತಡವಿ, ತನ್ನನ್ನು ನೋಡಿಕೊಳ್ಳುವವನದೆಂದು ಗುರುತು ಹಿಡಿದಳು. ಅದನ್ನು ತಂದು ನನ್ನ ಎಡಗೈಯೊಳಗೆ ಇಟ್ಟು ಮೇಲೆ ತನ್ನ ಕೈ ಮುಚ್ಚಿದಳು.

"ಇವನನ್ನ ಬಿಡಬೇಡ ಮಗಾ" ಎಂದಳು. "ಇವನಿಗೆ ಯಾರೂ ಇಲ್ಲ."

ಆಗಲಮ್ಮ ಎಂದೆ. ಅವಳು ಕೈ ಬಿಡದೆ ಕಾಯುತ್ತಿದ್ದಳು. ಇನ್ನೊಬ್ಬನ ದನಿಗೆ ಎಂದು ತಿಳಿದು, ಮತ್ತೊಂದು ಸಲ ಆಗಲಮ್ಮ ಎಂದೆ.

ನಿನ್ನ ತಮ್ಮ